ಗೂಳಿಗೆ ಬಹುವಚನ

ಎಂ.ಡಿ. ವೃಷಭೇಂದ್ರಪ್ಪನವರ ಅಳಿಯ ದಾವಣಗೆರೆಯಿಂದ ಲ್ಯಾಪ್‌ಟಾಪ್ ಸಮೇತ ಬರದೇ ಇದ್ದಿದ್ದರೆ ಆ ಶುಕ್ರವಾರ ಷಡಕ್ಷರಿಯ ಪಾಲಿಗೆ ಒಳ್ಳೆಯ ದಿನವೇ ಆಗುತ್ತಿತ್ತು.

ಕೃಷ್ಣಮೂರ್ತಿಪುರಂನ ಹಳೇ ಮನೆಯೊಂದರ ಮಹಡಿಯಲ್ಲಿ ಆ ಆಫೀಸು. ಯಾವುದೋ ದೇಶದ ಡಾಕ್ಟರುಗಳು ರೋಗಿಗಳ ವಿಷಯ ಮಾತಾಡಿ ಕಳಿಸಿದ್ದನ್ನು ಇಲ್ಲಿನ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡಿ, ಸಂಜೆಯೊಳಗೆ ಇಂಟರ್ನೆಟ್ಟಿನಲ್ಲಿ ವಾಪಸು ಕಳಿಸಬೇಕು. ಕಂಪ್ಯೂಟರುಗಳ ಆರೈಕೆಯೆಲ್ಲ ಷಡಕ್ಷರಿಯದು. ಸೇರಿದಂದಿನಿಂದ ಟೆಂಪರರಿ. ಕಾಯಂ ಮಾಡುವುದೋ ಬಿಡುವುದೋ ಎಂಬುದನ್ನು ಎಂ.ಡಿ. ಇವತ್ತು ಸಂಜೆ ಹೇಳುವವರಿದ್ದರು. ಕಾಯಂ ಆದರೆ ನಜರ್‌ಬಾದಿನ ಶಿಲ್ಪಶ್ರೀಯ ತಂದೆ ಲಗ್ನ ಕಟ್ಟಿಸಲು ತಯಾರು. ಆಗದಿದ್ದರೆ ಅವರ ಕೈಯಲ್ಲಿ ಒಬ್ಬ ಹೈಸ್ಕೂಲು ಮೇಷ್ಟರ ಜಾತಕವೂ ಇತ್ತು.

ವೃಷಭೇಂದ್ರಪ್ಪನವರ ವಿಷಯದಲ್ಲಿ ಆ ಆಫೀಸಿಗೆಲ್ಲ ಗೊತ್ತಿದ್ದ ಒಂದು ಗುಟ್ಟುಂಟು. ಅವರು "ಲೋ, ಕತ್ತೆ" ಎಂದು ಕೂಗಾಡಿದರೆ ಹೆದರಬೇಕಿಲ್ಲ, ಅದು ಪ್ರೀತಿ. ಗಂಡಸರ ಜೊತೆ ಬಹುವಚನಕ್ಕೆ ಬಂದರೋ, ಕೆಲಸ ಹೋಯಿತೆಂದೇ ಅರ್ಥ. ಹಿಂದಿನ ಅಕೌಂಟೆಂಟನ್ನು ಒಂದು ದಿನ "ತಾವು ದಯಮಾಡಿಸಿ" ಎಂದು ರೂಮಿಗೆ ಕರೆದರು. ಒಳಗೆ ಹೋದ ಮನುಷ್ಯ ಹೊರಗೆ ಬಂದವನೇ ಮೇಜಿನ ಮೇಲಿದ್ದ ಊಟದ ಡಬ್ಬಿಯನ್ನೂ ಮರೆತು ಮೆಟ್ಟಿಲಿಳಿದುಬಿಟ್ಟ.

"ಲೋ ಷಡಕ್ಷರಿ," ಎಂದರು ಎಂ.ಡಿ. ಬೆಳಿಗ್ಗೆ, "ನಮ್ಮ ಅಳಿಯಂದ್ರಿಗೆ ಬೇರೆ ನೆಟ್ ಮಾಡ್ಕೊಡು. ಆಫೀಸಿನ ಫೈಲಿಗೆ ಅವ್ರು ಕೈ ಹಾಕ್ಬಾರ್ದು. ಹಾಕಕ್ಕೆ ಬಿಟ್ಟಿಲ್ಲ ಅಂತ ಅವ್ರಿಗೆ ಗೊತ್ತಾಗ್ಲೂಬಾರ್ದು."

ಇದಕ್ಕೆ ಫೈರ್‌ವಾಲಿಗೆ ಕೈ ಹಾಕಬೇಕಿತ್ತು. ಫೈರ್‌ವಾಲ್ ಎಂದರೆ ಇಂಟರ್ನೆಟ್ಟಿಗೂ ಆಫೀಸಿಗೂ ನಡುವೆ ನಿಂತ ಕಾವಲುಗಾರ. ಮೊದಲು ಅದೊಂದು ಕಬ್ಬಿಣದ ಪೆಟ್ಟಿಗೆಯಾಗಿತ್ತು, ಕೆಟ್ಟರೆ ಒಂದೇಟು ಕೊಟ್ಟಾದರೂ ಸಮಾಧಾನ ಪಡಬಹುದಿತ್ತು. ಖರ್ಚು ಉಳಿಸಲು ಹೋಗಿ ಅದನ್ನು ದೊಡ್ಡ ಸರ್ವರಿನೊಳಗೆ ಮೈಯಿಲ್ಲದ ಬರೀ ಸಾಫ್ಟ್‌ವೇರಾಗಿ ಕೂರಿಸಿದ್ದರು. ಅದರ ಬಾಗಿಲುಗಳು, ಅಂದರೆ ನೆಟ್‌ವರ್ಕ್ ಅಡಾಪ್ಟರುಗಳು, ಅವೂ ಹಾಗೇ. ಕೈಗೆ ಸಿಗವು, ಕಣ್ಣಿಗೆ ಕಾಣವು.

ಯಾವುದು ಯಾವುದೆಂದು ಮರೆಯದಿರಲು ಷಡಕ್ಷರಿ ಅವಕ್ಕೆ ಹೆಸರಿಟ್ಟಿದ್ದ. ಆಫೀಸಿನ ಮಾತೆಲ್ಲ ಹಾಯುವ ಬಾಗಿಲಿಗೆ ‘ಗಿಳಿ’. ಇದು ಟೈಪಿಂಗ್ ವಿಭಾಗದ ಪ್ರೇಮಲೀಲಾ ಮೇಡಂ ನೆನಪಿಗೆ. ಫೈಲುಗಳ ಬಾಗಿಲು ನಿಧಾನ, ಅದಕ್ಕೆ ‘ಆಮೆ’. ಊರವರ ಜೊತೆಯೆಲ್ಲ ಗುದ್ದಾಡಿ ಗದ್ದಲ ಎಬ್ಬಿಸುವ ಹೊರಬಾಗಿಲಿಗೆ ‘ಗೂಳಿ’. ವೃಷಭ ಎಂದರೇನೆಂದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ತಾನೊಬ್ಬನೇ ನೋಡುವ ಪರದೆ, ಯಾರಿಗೆ ತಿಳಿಯಬೇಕು ಎಂಬ ಧೈರ್ಯ ಅವನದು.

ಬಾಗಿಲುಗಳಲ್ಲಿ ಏನೇ ವ್ಯತ್ಯಾಸವಾದರೂ ಫೈರ್‌ವಾಲ್ ತಾನಾಗಿ ಅವನಿಗೊಂದು ಮೇಲ್ ಕಳಿಸುತ್ತಿತ್ತು. ಹಿಂದಿನ ದಿನ ತಾನೇ ಮೇಲ್ ಬರುವ ಹೊಸ ಬ್ಲ್ಯಾಕ್‌ಬೆರಿ ಫೋನು ಕೊಂಡಿದ್ದ ಎಂ.ಡಿ., "ಅದು ನನಗೂ ಬರಂಗೆ ಮಾಡು. ನನಗೆ ಗೊತ್ತಾಗ್ದೆ ಈ ಆಫೀಸಲ್ಲಿ ಒಂದು ಸೊಳ್ಳೆ ಹಾರ್ಬಾರ್ದು" ಎಂದಿದ್ದರು. ಷಡಕ್ಷರಿ ಹಾಗೇ ಮಾಡಿ, ಮರೆತುಬಿಟ್ಟಿದ್ದ.

ಅವನು ನಾಲ್ಕನೆಯ ಬಾಗಿಲು ಸೇರಿಸಿದ. ‘ಅಳಿಯ’ ಎಂದು ಹೆಸರಿಟ್ಟ. ಫೈರ್‌ವಾಲನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿದ. ಅಷ್ಟೆ, ಆಫೀಸಿನ ನೆಟ್ ಪೂರ್ತಿ ಹೋಯಿತು.

"ಏನ್ರೀ ಷಡಕ್ಷರಿ, ಯಾವ್ದೂ ಓಪನ್ನೇ ಆಗ್ತಿಲ್ವಲ್ರೀ!" ಎಂದು ಪ್ರೇಮಲೀಲಾ ಬಂದು ನಿಂತರು. ಅವರ ಹಿಂದೆ ಹುಡುಗಿಯರು ಹೆಡ್‌ಫೋನು ಕೊರಳಿಗೆ ಇಳಿಸಿಕೊಂಡು ಬಂದರು. ಕಾಫಿ ತಂದ ಭಾಗ್ಯಮ್ಮ ಸರ್ವರನ್ನು ಒಮ್ಮೆ ದಿಟ್ಟಿಸಿ, "ದೃಷ್ಟಿ ಆಗದೆ ಕಣಪ್ಪ. ಒಂದು ನಿಂಬೆಹಣ್ಣು ನೀವಾಳಿಸ್ಬುಡ್ಲಾ?" ಎಂದಳು.

ಮಧ್ಯಾಹ್ನವಾಯಿತು. ಒಂದು ಬಾಗಿಲು ತೆಗೆದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಸಂಜೆಯ ಫೈಲು ಹೋಗದಿದ್ದರೆ ಕಂಪನಿಗೆ ಕಾಂಟ್ರಾಕ್ಟಿಲ್ಲ, ಅವನಿಗೆ ಶಿಲ್ಪಶ್ರೀ ಇಲ್ಲ. ಷಡಕ್ಷರಿಗೆ ನಿಜಕ್ಕೂ ಭಯವಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅಷ್ಟರಲ್ಲಿ ವೃಷಭೇಂದ್ರಪ್ಪನವರೇ ಬಂದು ಎದುರಿನ ಕುರ್ಚಿ ತುಂಬಿದರು.

"ಆ ಫೈರ್‌ವಾಲ್ ಮಾರಿದ ಕಂಪನಿಗೆ ಫೋನ್ ಹಚ್ಚು. ಸ್ಪೀಕರ್ ಹಾಕು. ಎಲ್ರೂ ಕೇಳ್ಲಿ."

ಆ ಕಡೆ ವಿಜಯ್‌ಕುಮಾರ್ ಎಂಬ ಎಂಜಿನಿಯರ್ ಸಿಕ್ಕ. ಎಲ್ಲವನ್ನೂ ಕೇಳಿಸಿಕೊಂಡು, "ಸರಿ ಸಾರ್. ಹೊರಗಡೆ ಅಡಾಪ್ಟರಿಗೆ ಏನು ಹೆಸ್ರಿಟ್ಟಿದೀರಿ?" ಎಂದ.

ಷಡಕ್ಷರಿ ಕೀಬೋರ್ಡಿನ ಧೂಳು ಒರೆಸತೊಡಗಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಹೇಳೋ, ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?" ಎಂದರು ಎಂ.ಡಿ.

"ವೃ... ವೃಷಭೇಂದ್ರಪ್ಪ ಅಂತ ಸಾರ್," ಎಂದುಬಿಟ್ಟ ಷಡಕ್ಷರಿ. ಆಡಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. "ಅದೇ ಸಾರ್ ಮುಖ್ಯವಾದ್ದು. ಅದಿಲ್ದೆ ಆಫೀಸೇ ಇಲ್ಲ. ಅದಕ್ಕೇ ತಮ್ಮ ಹೆಸರು..."

ವೃಷಭೇಂದ್ರಪ್ಪನವರ ಮೀಸೆ ನಿಧಾನಕ್ಕೆ ಅರಳಿತು. "ಎಲ್ಲಿ, ತೋರ್ಸು!" ಎಂದು ಎದ್ದರು. ಪುಣ್ಯಕ್ಕೆ, ಬೀರುವಿಗೂ ಮೇಜಿಗೂ ನಡುವಿನ ಸಂದಿಯಲ್ಲಿ ಅವರ ಹೊಟ್ಟೆ ದಾಟಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲೇ ಷಡಕ್ಷರಿ ‘ಗೂಳಿ’ಯನ್ನು ಅಳಿಸಿ ‘ವೃಷಭೇಂದ್ರಪ್ಪ’ ಎಂದು ಇಂಗ್ಲಿಷಿನಲ್ಲಿ ಕುಟ್ಟಿ ಸೇವ್ ಒತ್ತಿದ.

ಎಂ.ಡಿ. ಪರದೆಗೆ ಮೂಗು ತಾಗಿಸಿ ಓದಿದರು. "ನೋಡ್ರೀ ಪ್ರೇಮಲೀಲಾ, ಹುಡುಗನ್ನ ನಾನು ಏನೋ ಅಂದ್ಕೊಂಡಿದ್ದೆ," ಎಂದರು.

ಅಪಾಯ ಕಳೆಯಿತು ಅನ್ನುವಷ್ಟರಲ್ಲಿ ಫೋನು ಮಾತಾಡಿತು. "ಸಾರ್, ಆ ವೃಷಭೇಂದ್ರಪ್ಪಂಗೆ ಅಡ್ರೆಸ್ ಇದೆಯಾ ನೋಡಿ."

"ಇಲ್ಲ."

"ಅಂಗಾದ್ರೆ ಅವ್ನೇ ಸಾರ್ ಎಲ್ಲಾ ಹಾಳ್ ಮಾಡಿರೋದು! ಮೊದ್ಲು ಅವನ್ನ ಡಿಸೇಬಲ್ ಮಾಡಿ."

"ಯಾವನವನು, ಏಕವಚನದಲ್ಲಿ ಮಾತಾಡೋನು?" ಎಂದು ಗುಡುಗಿದರು ಎಂ.ಡಿ.

"ವಿಜಯ್‌ಕುಮಾರ್, ದಯವಿಟ್ಟು ಬಹುವಚನ ಉಪಯೋಗ್ಸಿ," ಎಂದು ಬೇಡಿಕೊಂಡ ಷಡಕ್ಷರಿ. "ಹೂಂ, ವೃಷಭೇಂದ್ರಪ್ಪನವರನ್ನ... ಡಿಸೇಬಲ್ ಮಾಡಿದೀನಿ."

"ಸತ್ನಾ?"

"ತೀರ್‌ಕೊಂಡ್ರು."

"ಶಿವ ಶಿವಾ!" ಎಂದು ಭಾಗ್ಯಮ್ಮ ಕೈಮುಗಿದಳು. ವೃಷಭೇಂದ್ರಪ್ಪನವರು ಎದೆ ಮುಟ್ಟಿ ನೋಡಿಕೊಂಡರು.

ಕೊನೆಗೂ ಕಾಯಿಲೆ ಸಿಕ್ಕಿತು. ಹೊಸ ಬಾಗಿಲು ಸೇರಿಸಿದಾಗ, ಮದುವೆ ಛತ್ರದ ಮುಂದೆ ಬಿಟ್ಟ ಚಪ್ಪಲಿಗಳಂತೆ ಎಲ್ಲ ಅದಲುಬದಲಾಗಿದ್ದವು. ಪ್ರತಿ ಅಡಾಪ್ಟರಿಗೂ ಅದರದೇ ಆದ ಒಂದು ನಂಬರಿರುತ್ತದೆ, ಸರ್ವರಿನಲ್ಲಿ ಕಾಣುವ ನಂಬರಿಗೂ ಫೈರ್‌ವಾಲಿನಲ್ಲಿ ಕಾಣುವ ನಂಬರಿಗೂ ತಾಳೆ ನೋಡಿ ಎಂದ ವಿಜಯ್‌ಕುಮಾರ್. ಷಡಕ್ಷರಿ ನೋಡಿದವನೇ, "ಸಿಕ್ತು!" ಎಂದು ಕೂಗಿದ. "ಅಳಿಯ ಬಂದು ವೃಷಭೇಂದ್ರಪ್ಪನವರ ಜಾಗದಲ್ಲಿ ಕೂತ್ಬುಟ್ಟಿದಾನೆ!"

"ಇದನ್ನ ನಾನು ಮದ್ವೆ ದಿವ್ಸಾನೇ ಹೇಳ್ದೆ," ಎಂದರು ಎಂ.ಡಿ. ಮೆಲ್ಲಗೆ.

ಅಳಿಯನನ್ನು ಎಬ್ಬಿಸಿ, ಮಾವನನ್ನು ಸ್ವಸ್ಥಾನದಲ್ಲಿ ಕೂರಿಸಿದ್ದೇ ತಡ, ನೆಟ್ ಬಂತು. ಹುಡುಗಿಯರು ಓಡಿಹೋಗಿ ಕೂತರು. ಕತ್ತಲಾಗುವ ಮುಂಚೆ ಫೈಲುಗಳು ಹೊರಟವು. ವೃಷಭೇಂದ್ರಪ್ಪನವರು ಎಲ್ಲರನ್ನೂ ಕರೆದು, ಷಡಕ್ಷರಿಯ ಭುಜದ ಮೇಲೆ ತಮ್ಮ ಭಾರದ ಕೈ ಇಟ್ಟರು.

"ಇವತ್ತಿಂದ ನೀನು ಕಾಯಂ ಕಣೋ, ಕತ್ತೆ!"

ಷಡಕ್ಷರಿಯ ಕಣ್ಣಲ್ಲಿ ನೀರಾಡಿತು. ಬಾಸಿಂಗ ಕಟ್ಟಿದ ಶಿಲ್ಪಶ್ರೀ ಎದುರಿಗೇ ಬಂದು ನಿಂತಂತಾಯಿತು.

ಆಗ ಎಂ.ಡಿ.ಯವರ ಜೇಬಿನಲ್ಲಿ ಬ್ಲ್ಯಾಕ್‌ಬೆರಿ ಗುರ್ರೆಂದಿತು. ಮತ್ತೆ ಗುರ್ರೆಂದಿತು. ನಿಲ್ಲಲೇ ಇಲ್ಲ. ನೆಟ್ ಇಲ್ಲದೆ ಬೆಳಿಗ್ಗೆಯಿಂದ ಫೈರ್‌ವಾಲಿನಲ್ಲೇ ಕಾದು ಕೂತಿದ್ದ ಮೇಲುಗಳೆಲ್ಲ, ಫೈಲುಗಳ ಸರದಿ ಮುಗಿದ ಮೇಲೆ, ಅವನು ಸರಿಮಾಡಿಕೊಟ್ಟ ಬಾಗಿಲಿನಿಂದಲೇ ಒಂದರ ಹಿಂದೊಂದು ಹೊರಟು ಬರುತ್ತಿದ್ದವು.

"ಅಕ್ಷರ ಸಣ್ಣದು. ಪ್ರೇಮಲೀಲಾ, ಸ್ವಲ್ಪ ಓದಿ," ಎಂದು ಫೋನು ಕೊಟ್ಟರು.

"ಗೂಳಿ ಈಸ್ ಡೌನ್," ಎಂದು ಓದಿದರು ಪ್ರೇಮಲೀಲಾ. "ಗೂಳಿ ಈಸ್ ನಾಟ್ ರೆಸ್ಪಾಂಡಿಂಗ್. ಗೂಳಿ ರೀಸ್ಟಾರ್ಟೆಡ್ ಬೈ ಷಡಕ್ಷರಿ."

"ಗೂಳಿನಾ? ಯಾವುದದು ಗೂಳಿ?"

"ಗೊತ್ತಿಲ್ಲ ಸಾರ್. ಇನ್ನೊಂದಿದೆ ಇರಿ." ಅವರ ದನಿ ಪದಪದಕ್ಕೂ ಇಳಿಯುತ್ತ ಹೋಯಿತು. "ಗೂಳಿ... ರಿನೇಮ್ಡ್ ಆ್ಯಸ್... ವೃಷಭೇಂದ್ರಪ್ಪ. ಬೈ ಷಡಕ್ಷರಿ."

ಭುಜದ ಮೇಲಿದ್ದ ಕೈ ಮೇಲೆದ್ದಿತು. ಷಡಕ್ಷರಿ ಕಣ್ಣು ಮುಚ್ಚಿಕೊಂಡ. ‘ಲೋ’ ಅನ್ನಲಿ, ‘ಕತ್ತೆ’ ಅನ್ನಲಿ, ಬೇಕಾದರೆ ಎರಡು ಬಾರಿಸಲಿ, ಏಕವಚನ ಒಂದಿದ್ದರೆ ಸಾಕು ತಂದೆ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತ.

"ಷಡಕ್ಷರಿಯವರೇ," ಎಂದರು ವೃಷಭೇಂದ್ರಪ್ಪನವರು, ಬೆಣ್ಣೆಯಂಥ ದನಿಯಲ್ಲಿ, "ತಾವು ಸ್ವಲ್ಪ ನನ್ನ ರೂಮಿಗೆ ದಯಮಾಡಿಸ್ತೀರಾ?"