ಕಪಿತಾನರ ಹಾಡು ನಿಲ್ಲಿಸಿದ ಕಂಪ್ಯೂಟರಿನ ಬಗ್ಗೆ

ಇಂದ,
ಪ್ರೊಕೊಪಿಯೊ ತಾಲೆಯೋನ್,
ದೋಣಿಕಟ್ಟೆ ಕಚೇರಿಯ ನಿವೃತ್ತ ಗುಮಾಸ್ತ,
ಬಲಾಂತಿ ಹಳ್ಳಿ, ಗಿಮರಾಸ್ ದ್ವೀಪ.

ಗೆ,
ಮಾನ್ಯ ಕಪಿತಾನ್ ಕ್ರೆಸೆನ್ಸಿಯೊ ಪಮಾ ಅವರಿಗೆ,
ಹಳ್ಳಿಯ ಮುಖ್ಯಸ್ಥರು, ಬಲಾಂತಿ.

ವಿಷಯ: ತಮ್ಮ ಉಗ್ರಾಣದಲ್ಲಿ ಬಂಧನಕ್ಕೊಳಗಾದ ಕಂಪ್ಯೂಟರಿನ ಕುರಿತು.

ಉಲ್ಲೇಖ: ಸೋಮವಾರ ತಾವು ನಮ್ಮ ಬೇಲಿಯ ಆಚೆ ನಿಂತು ನೀಡಿದ ಮೌಖಿಕ ಆದೇಶ (ಬೈಗುಳಗಳನ್ನು ಬಿಟ್ಟು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

೧. ನನ್ನ ಅಕ್ಕ ಪಾಸಿಂಗ್ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡಳು. ಅವಳ ಮೊಮ್ಮಗಳು ಐಝೆಲ್‌ಳ ತಾಯಿ ಹಾಂಗ್‌ಕಾಂಗಿನಲ್ಲಿ ಮನೆಗೆಲಸದಲ್ಲಿರುವ ಕಾರಣ, ಅಜ್ಜಿಯನ್ನು ನೋಡಿಕೊಳ್ಳಲು ಹುಡುಗಿಯೇ ಶಾಲೆ ಬಿಟ್ಟಳು. ಆಗ ತಾವು ದೊಡ್ಡ ಮನಸ್ಸು ಮಾಡಿ, ಕಚೇರಿಯಲ್ಲಿ ಕೆಟ್ಟು ಬಿದ್ದಿದ್ದ ಕಂಪ್ಯೂಟರನ್ನು ಅವಳಿಗೆ ದಾನ ಮಾಡಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಿ. ಫೋಟೋ ಚೆನ್ನಾಗಿ ಬಂದಿತ್ತು. ಕಂಪ್ಯೂಟರನ್ನು ರಿಪೇರಿ ಮಾಡಿಸಿದವನು ನಾನು.

೨. ಅವಳಿಗೆ ಪ್ರೋಗ್ರಾಮಿಂಗ್ ಕಲಿಸಿದವನೂ ನಾನೇ. ನನಗೆ ಅದು ಬರುತ್ತಿರಲಿಲ್ಲ. ಆದ್ದರಿಂದ ಬೆಳಿಗ್ಗೆ ಪುಸ್ತಕದ ಒಂದು ಪಾಠ ಓದಿಕೊಂಡು, ಮಧ್ಯಾಹ್ನ ಮೊದಲೇ ಬಲ್ಲವನಂತೆ ಹೇಳಿಕೊಡುತ್ತಿದ್ದೆ. ಮಳೆಗಾಲ ಮುಗಿಯುವುದರೊಳಗೆ ಅವಳು ನನ್ನನ್ನು ದಾಟಿ ಹೋದಳು. ಆಮೇಲೆ ನಾನು ಪಕ್ಕದಲ್ಲಿ ಕೂತು ತಲೆಯಾಡಿಸುವ ಕೆಲಸ ಮಾಡಿದೆ. ಒಮ್ಮೆ ಅವಳು ಬೇಸತ್ತು, "ತಾತ, ನಾನು ಹೇಳೋದೊಂದು, ಇದು ಮಾಡೋದೊಂದು," ಎಂದಳು. "ಅದು ನಿನ್ನ ಮನಸ್ಸು ಓದಲ್ಲ ಕಣೇ, ನೀನು ಬರೆದದ್ದು ಓದುತ್ತೆ," ಎಂದೆ. ನಾನು ಸ್ವಂತವಾಗಿ ಕಲಿಸಿದ್ದು ಅದೊಂದೇ.

೩. ಅವಳು ಮೊದಲು ಬರೆದದ್ದು ಅಜ್ಜಿಗಾಗಿ. ಆಡುವ ಕೈಯಲ್ಲಿ ಅಜ್ಜಿ ಒಂದು ಗುಂಡಿ ಒತ್ತಿದರೆ ಕಂಪ್ಯೂಟರು "ನೀರು" ಅನ್ನುತ್ತಿತ್ತು, ಇನ್ನೊಂದು ಒತ್ತಿದರೆ "ಮಗ್ಗುಲು ತಿರುಗಿಸು." ಧ್ವನಿ ಐಝೆಲ್‌ಳದೇ. ಒಂದೂವರೆ ವರ್ಷ ಬಾಯಿ ಕಟ್ಟಿದ್ದ ನನ್ನ ಅಕ್ಕ ಮೊದಲ ದಿನ ಅಷ್ಟೂ ಗುಂಡಿಗಳನ್ನು ಸುಮ್ಮಸುಮ್ಮನೆ ಒತ್ತಿದಳು. ನಾವು ನೀರು ತಂದೆವು, ಮಗ್ಗುಲು ತಿರುಗಿಸಿದೆವು, ಮತ್ತೆ ನೀರು ತಂದೆವು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

೪. ಇದನ್ನು ಕೇಳಿ ತಾವೇ ಬಂದು, ಪರೀಕ್ಷೆಯ ವಾರ ಹಗಲಲ್ಲಿ ಯಾರೂ ಕರಾವೋಕೆ ಹಾಡಕೂಡದು, ಗದ್ದಲ ಮಿತಿ ಮೀರಿದರೆ ತಾನಾಗಿಯೇ ಗದರುವ ವ್ಯವಸ್ಥೆ ಬೇಕು ಎಂದಿರಿ. ಅದರಂತೆ ಐಝೆಲ್ ಬಾಸ್ಕೆಟ್‌ಬಾಲ್ ಅಂಗಳದ ಕಂಬಕ್ಕೆ ಮೈಕು, ಧ್ವನಿವರ್ಧಕ ಕಟ್ಟಿ ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಗದರುವ ಧ್ವನಿ ತಮ್ಮದೇ ಆಗಿರಬೇಕೆಂದು ತಾವು ಹಟ ಹಿಡಿದಿರಿ. ಮಾತುಗಳೂ ತಮ್ಮವೇ.

೫. ಅದೇ ವಾರ ತಮ್ಮ ಹುಟ್ಟುಹಬ್ಬ. ತಮ್ಮ ಮನೆ ಕಂಬದ ಎದುರಿಗೇ ಇದೆ. ಹಂದಿ ಸುಟ್ಟು, ಪಟ್ಟಣದಿಂದ ಗಣ್ಯರನ್ನು ಕರೆಸಿ, ಊಟವಾದ ಮೇಲೆ ತಾವು ಹಾಡಲು ನಿಂತಿರಿ. ಪಲ್ಲವಿ ಮುಗಿಯುವ ಮುನ್ನವೇ ತಮ್ಮ ಧ್ವನಿಯೇ ಊರಿಗೆಲ್ಲ ಕೇಳಿಸಿತು: "ನಿನ್ನ ಹಾಡು ಕೇಳಿ ನನ್ನ ನಾಯಿ ಊಟ ಬಿಟ್ಟಿದೆ. ಮೈಕ್ ಕೆಳಗಿಡು. ಇದು ಕಪಿತಾನನ ಆಜ್ಞೆ." ತಾವು ಇನ್ನೂ ಗಟ್ಟಿಯಾಗಿ ಹಾಡಿದಿರಿ. ಅದು ಇನ್ನೊಮ್ಮೆ ಗದರಿತು. ಗಣ್ಯರು ತಟ್ಟೆ ನೋಡುತ್ತಾ ಕೂತರು.

೬. ಮರುದಿನ, ಅಂದರೆ ಸೋಮವಾರ, ತಾವು ಐಝೆಲ್‌ಳನ್ನು ಬೇಲಿಯ ಬಳಿ ಕರೆದು, ತಮ್ಮನ್ನು ಮಾತ್ರ ಬಿಟ್ಟುಬಿಡುವಂತೆ ಅದನ್ನು ತಿದ್ದಬೇಕು ಎಂದಿರಿ. ಅವಳು ಯೋಚಿಸಿ ಉತ್ತರ ಕೊಟ್ಟಳು: "ತಿದ್ದಬಹುದು ಕಪಿತಾನ್. ಆದ್ರೆ ಹಾಡ್ತಿರೋದು ನೀವೇ ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ. ನೀವು ಮಾತಾಡೋದನ್ನೆಲ್ಲ ಅದು ಸ್ವಲ್ಪ ದಿನ ಕೇಳಿಸ್ಕೋಬೇಕಾಗುತ್ತೆ. ಮನೆ ಒಳಗಿಂದೂ."

ತಾವು ತಮ್ಮ ಮನೆಯ ಕಡೆ ಒಮ್ಮೆ ನೋಡಿದಿರಿ. ಆಮೇಲೆ ಕಂಪ್ಯೂಟರನ್ನು ಹೊರಿಸಿಕೊಂಡು ಹೋಗಿ, ಪರಿಹಾರದ ಅಕ್ಕಿಮೂಟೆಗಳ ಜೊತೆ ಉಗ್ರಾಣದಲ್ಲಿ ಬೀಗ ಹಾಕಿಸಿದಿರಿ.

೭. ಅದರ ಜೊತೆಗೆ ನನ್ನ ಅಕ್ಕನ ಮಾತಿಗೂ ಬೀಗ ಬಿದ್ದದ್ದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಗುಂಡಿಗಳು ಹಾಸಿಗೆಯಲ್ಲೇ ಉಳಿದಿದ್ದವು. ಅವಳು ಒತ್ತುತ್ತಲೇ ಇದ್ದಳು. ಐಝೆಲ್ ಎದುರಿಗೆ ಕೂತು ಅವಳ ಬೆರಳು ನೋಡುತ್ತಾ, ತಾನೇ "ನೀರು" ಅನ್ನುವಳು, ತಾನೇ ಎದ್ದು ಹೋಗಿ ತರುವಳು. ಇನ್ನು ಪ್ರೋಗ್ರಾಂ ಬರೆಯುವುದಿಲ್ಲ ಅಂದಳು. ನಾನು ಬಿಡಿಸಿ ಇಟ್ಟ ಪುಸ್ತಕವನ್ನು ಮಡಚಿಟ್ಟಳು.

೮. ಗುರುವಾರ ತಾವು ಪಟ್ಟಣದ ಸಭೆಗೆ ಹೋಗಿದ್ದಾಗ ತಮ್ಮ ಧರ್ಮಪತ್ನಿ ನೆನಿತಾ ಅವರು ಅಕ್ಕನನ್ನು ನೋಡಲು ಬಂದರು. ಹಾಸಿಗೆಯ ಪಕ್ಕ ಕೂತು, ಅಕ್ಕ ಗುಂಡಿ ಒತ್ತುವುದನ್ನೂ ಐಝೆಲ್ ನೀರು ತರುವುದನ್ನೂ ನೋಡಿ, ಎದ್ದು ಹೋದರು. ಸಂಜೆ ಹಂದಿಯ ಮೇವು ಸಾಗಿಸುವ ತ್ರಿಚಕ್ರ ಗಾಡಿಯಲ್ಲಿ, ತವುಡಿನ ಚೀಲಗಳ ನಡುವೆ, ಕಂಪ್ಯೂಟರನ್ನು ಅವರೇ ತಂದರು. ಉಗ್ರಾಣದ ಇನ್ನೊಂದು ಬೀಗದ ಕೈ ಅವರ ಬಳಿ ಇದೆಯಂತೆ. ಕಪಿತಾನರು ಕೋಪಿಸಿಕೊಂಡಾರು ಎಂದು ನಾನು ಹೆದರಿದೆ. ಅದಕ್ಕೆ ಅವರು, "ಮದುವೆ ಆದಾಗಿಂದ ಆ ಹಾಡು ಕೇಳ್ತಿದೀನಿ ಅಣ್ಣಾ. ನನ್ನ ಕೈಲಿ ನಿಲ್ಲಿಸೋಕೆ ಆಗ್ಲಿಲ್ಲ. ಈ ಹುಡುಗಿ ಕೈ ಬಿಡಬೇಡಿ," ಎಂದರು. ಈ ವಿಷಯವನ್ನು ತಮಗೆ ಬರಹದಲ್ಲೇ ತಿಳಿಸಬೇಕೆಂದೂ, ಬಾಯಿಮಾತಿನಲ್ಲಾದರೆ ತಾವು ನಡುವೆ ಬಾಯಿ ಹಾಕುವಿರೆಂದೂ ಅವರದೇ ಸಲಹೆ.

೯. ಐಝೆಲ್ ಈಗ ಮತ್ತೆ ಬರೆಯುತ್ತಿದ್ದಾಳೆ. ಏನು ಬರೆಯುತ್ತಿದ್ದಾಳೆಂದು ನನಗೆ ಅರ್ಥವಾಗುವುದಿಲ್ಲ. ತಲೆಯಾಡಿಸುತ್ತಿದ್ದೇನೆ.

ಆದ್ದರಿಂದ, ಕಂಪ್ಯೂಟರಿನ ಬಿಡುಗಡೆ ಕೋರುವ ಅಗತ್ಯ ಉಳಿದಿಲ್ಲವಾದ ಕಾರಣ, ತಮ್ಮ ಆದೇಶದ ಗೌರವ ಕಾಪಾಡುವ ಏಕೈಕ ಉದ್ದೇಶದಿಂದ, ಉಗ್ರಾಣದ ಬೀಗವನ್ನು ಯಾವ ಕಾರಣಕ್ಕೂ ತೆಗೆಯದೆ ಹಾಗೆಯೇ ಮುಂದುವರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಪ್ರೊಕೊಪಿಯೊ ತಾಲೆಯೋನ್

ಲಗತ್ತುಗಳು:
ತಾವು ಕಂಪ್ಯೂಟರ್ ದಾನ ಮಾಡುತ್ತಿರುವ ಫೋಟೋ, ಒಂದು.
ನನ್ನ ಅಕ್ಕನ ಹೆಬ್ಬೆಟ್ಟಿನ ಗುರುತು, ಒಂದು. (ಅರ್ಜಿಯನ್ನು ಅವಳಿಗೆ ಓದಿ ಹೇಳಲಾಗಿದೆ. ಮುಗಿದ ಮೇಲೆ "ನೀರು" ಒತ್ತಿದಳು. ತಂದರೆ ಕುಡಿಯಲಿಲ್ಲ, ಇದನ್ನು ಓದಿದ ಮೇಲೆ ತಮಗೇ ಬೇಕಾದೀತೆಂಬಂತೆ ತಮ್ಮ ಮನೆಯ ಕಡೆ ಕೈ ತೋರಿಸಿದಳು.)