ಕೊಕ್ಕರೆ ಲೋಟದಲ್ಲಿ ಬಸ್ಸಾರು

ಗೋಪಾಲಮ್ಮನಿಗೆ ಹೊಟ್ಟೆಕಿಚ್ಚು ಬಂದದ್ದು ಇನ್ನೊಬ್ಬ ಹೆಂಗಸಿನ ಮೇಲಲ್ಲ, ಒಂದು ಬಾಟಲಿಯ ಮೇಲೆ.

ಅವಳ ಗಂಡ ಮುನಿಆಂಜಿನಪ್ಪ ನಿವೃತ್ತ ಬಸ್ ಕಂಡಕ್ಟರ್. ಇದ್ದ ಮಾತನ್ನೆಲ್ಲ ಬಸ್ಸಿನಲ್ಲೇ ಖರ್ಚು ಮಾಡಿ, ಮನೆಗೆಂದು ಒಂದೇ ಒಂದು ಚಿಲ್ಲರೆ ಉಳಿಸಿಕೊಂಡು ಬಂದವನು. ಅದು "ಊಂ." ಹುರುಳಿಕಾಳಿಗೂ ಊಂ, ಕೋಳಿಸಾರಿಗೂ ಊಂ. ಮಗಳು ರಾಣಿಯ ಮದುವೆಗೆ ಒಪ್ಪಿದ್ದೂ ಅದೇ ಊಂನಲ್ಲಿ.

ಗೋಪಾಲಮ್ಮನ ಬಸ್ಸಾರನ್ನು ಅಟ್ಟೂರಿನಲ್ಲಿ ಹೊಗಳದವರಿಲ್ಲ. (ಬೇಯಿಸಿದ ಸೊಪ್ಪು, ಕಾಳು ಬಸಿದ ನೀರಿನಲ್ಲಿ ಮಾಡುವ ಸಾರು. ಕಂಡಕ್ಟರ್ ಮನೆಯದಾದ್ದರಿಂದ ಅದು 'ಬಸ್ ಸಾರು' ಎಂದು ಅಳಿಯ ಮನೋಹರನ ತಮಾಷೆ.) ಅವಳೇ ಹುರಿದು, ಮಿಲ್ಲಿನ ಮುಂದೆ ನಿಂತು ಬೀಸಿಸುವ ಸಾರಿನ ಪುಡಿಯಲ್ಲೇ ಅದರ ಮಹಿಮೆಯೆಲ್ಲ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ರಾಣಿಯಂತೂ "ಅಮ್ಮನ ಪುಡಿ" ಎಂದು ವಿದ್ಯಾರಣ್ಯಪುರದ ಗಂಡನ ಮನೆಗೂ ತುಂಬಿಸಿಕೊಂಡು ಹೋಗುತ್ತಿದ್ದಳು. ಪುಡಿ ಇಡುವ ಸ್ಟೀಲ್ ಡಬ್ಬಿ ಇಂದಿಗೂ ಅದೇ ಹಳೆಯದು. (ಡಬ್ಬಿಯ ವಿಷಯ ಇಷ್ಟು ಸಾಕು.) ಊರೆಲ್ಲ ಹೊಗಳಿದರೂ ಕಟ್ಟಿಕೊಂಡವನ ಬಾಯಿಂದ ಆ ಸಾರಿನ ಬಗ್ಗೆ ಒಂದು ಪೂರ್ತಿ ಮಾತು ಕೇಳಿ ಸಾಯಬೇಕೆಂಬುದು ಗೋಪಾಲಮ್ಮನ ಆಸೆ.

ಹೀಗಿರುವಾಗ ಮನೋಹರ ಮಾವನಿಗೆಂದು ಒಂದು ಬಾಟಲಿ ಕೆಂಪು ವೈನನ್ನೂ, ಒಂಟಿ ಕಾಲಿನ ಗಾಜಿನ ಲೋಟವನ್ನೂ ತಂದುಕೊಟ್ಟ. ಲೋಟ ನೋಡಿದ ಗೋಪಾಲಮ್ಮ ಅದಕ್ಕೆ ಕೊಕ್ಕರೆ ಲೋಟ ಎಂದು ಹೆಸರಿಟ್ಟಳು. ವೈನನ್ನು ಗಟಗಟ ಕುಡಿಯಬಾರದಂತೆ. ಲೋಟವನ್ನು ಮೆಲ್ಲಗೆ ತಿರುಗಿಸಬೇಕಂತೆ, ಮೂಸಬೇಕಂತೆ, ಒಂದು ಗುಟುಕನ್ನು ಬಾಯಲ್ಲೇ ಆಡಿಸಬೇಕಂತೆ. ಆಮೇಲೆ ರುಚಿ ಹೇಗಿತ್ತೆಂದು ವಿವರವಾಗಿ ಹೇಳಬೇಕಂತೆ. ಇವರ ಬಾಯಲ್ಲಿ ವಿವರ ಹೇಳಿಸುವುದಕ್ಕಿಂತ ಕೊಕ್ಕರೆಗೆ ಮಾತು ಕಲಿಸುವುದು ಸುಲಭ ಎಂದು ಅವಳು ಒಳಗೊಳಗೇ ನಕ್ಕಳು.

ಮಾರನೆಯ ಸಂಜೆ ಮುನಿಆಂಜಿನಪ್ಪ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಕೂತು, ಅಳಿಯನಿಗೆ ಫೋನ್ ಮಾಡಿದ.

"ಸಿಹಿ ಮೊದ್ಲು ಬಸ್ ಅತ್ತುತು ಕಣಪ್ಪ. ಹುಳಿ ಫುಟ್‌ಬೋರ್ಡಲ್ಲೇ ನೇತಾಡ್ತಿತ್ತು, ಒಳಕ್ಕೆ ಬಾ ಅಂದ್ರೂ ಬರ್ಲಿಲ್ಲ. ಒಗರು ಮಾತ್ರ ಕಿಟ್ಕಿ ಸೀಟಲ್ಲಿ ಕೂತ್ಕಂಡು ಕೊನೇ ಸ್ಟಾಪ್‌ಗಂಟ ಬಂತು."

ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಗೋಪಾಲಮ್ಮನ ಕೈ ಅಲ್ಲೇ ನಿಂತಿತು. ಇಷ್ಟು ಮಾತು ಈ ಮನುಷ್ಯನ ಹೊಟ್ಟೆಯೊಳಗೆ ಎಲ್ಲಿ ಅಡಗಿತ್ತು?

ಅಳಿಯನಿಗೆ ಹುರುಪು ಬಂತು. ಬಾಟಲಿಗಳು ಬಂದವು, ಮಾತುಗಳೂ ಬಂದವು. ಬ್ರಾಂದಿ ಎಕ್ಸ್‌ಪ್ರೆಸ್ಸಂತೆ, ಎಲ್ಲೂ ನಿಲ್ಲದೆ ಸೀದಾ ಹೊಟ್ಟೆಗೆ. ರಮ್ಮು ಹಳೇ ಗಾಡಿಯಂತೆ, ಹೊಗೆ ಜಾಸ್ತಿಯಾದರೂ ಊರು ಸೇರಿಸುತ್ತದಂತೆ. ಒಂದೊಂದು ಗುಟುಕಿಗೂ ಇಂಥ ವಾಗ್ವೈಭವ. ಅದಾದ ಮೇಲೆ ಊಟಕ್ಕೆ ಕೂತರೆ ಅದೇ ಊಂ.

ಆಗಲೇ ಅವಳಿಗೆ ಹೊಳೆದದ್ದು. ಮಾತಿರುವುದು ಬಾಟಲಿಯಲ್ಲಲ್ಲ, ಲೋಟದಲ್ಲಿ.

ಭಾನುವಾರ ಮಧ್ಯಾಹ್ನ ಗೋಪಾಲಮ್ಮ ತನ್ನ ಕೈಚಳಕವನ್ನೆಲ್ಲ ಸುರಿದು ಬಸ್ಸಾರು ಮಾಡಿದಳು. ಗಾಜು ಒಡೆಯಬಾರದೆಂದು ಆರಿಸಿ, ತಿಳಿಯಾಗಿ ಕೊಕ್ಕರೆ ಲೋಟಕ್ಕೆ ಬಗ್ಗಿಸಿ ಗಂಡನ ಮುಂದಿಟ್ಟಳು.

"ಏನೇ ಇದು?"

"ಕುಡುದು ಎಂಗೈತೆ ಏಳಿ."

ಲೋಟ ಕೈಗೆ ಬಂದದ್ದೇ ತಡ, ಕೈ ತಾನಾಗಿ ತಿರುಗಿತು. ಮುನಿಆಂಜಿನಪ್ಪ ಮೂಸಿದ. ಗುಟುಕರಿಸಿದ. ಕಣ್ಣು ಮುಚ್ಚಿದ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯಂತೆ ಗೋಪಾಲಮ್ಮ ಸೆರಗಿನ ತುದಿ ಹಿಂಡುತ್ತ ನಿಂತಳು.

"ಬೆಳ್ಳುಳ್ಳಿ ಮುಂದ್ಗಡೆ ಬಾಗ್ಲಲ್ಲಿ ಅತ್ತದೆ. ಮೆಣಸು ಇಂದ್ಗಡೆಯಿಂದ, ನೂಕ್ಕಂಡು. ಕಾಳು ದೊಡ್ಡ ಮನ್ಸ, ಸೀಟು ಬಿಟ್ಟು ಏಳಾಕಿಲ್ಲ."

ಅವಳ ಮುಖ ಕೆಂಪೇರಿತು. ಆಸೆಯಿಂದ ಕೇಳಿದಳು, "ಹುಣ್ಸೆ?"

"ಪಾಸಿನೋನು. ದಿನಾ ಬತ್ತಾನೆ, ತಕರಾರಿಲ್ಲ." ಇನ್ನೊಂದು ಗುಟುಕು ಬಾಯಲ್ಲಿ ಆಡಿತು. "ಪುಡಿ ಮಾತ್ರ ನಮ್ಮ ಡಿಪೋದ್ದಲ್ಲ ಕಣೆ."

ಗೋಪಾಲಮ್ಮನ ಕಣ್ಣು ಅವಳ ಮಾತು ಕೇಳದೆ ಅಕ್ಕಿ ಮೂಟೆಯ ಕಡೆ ಹೋಯಿತು. ಮೂಲೆ ಅಂಗಡಿ ಅಂಜನಮ್ಮನಿಂದ ಸೆರಗಿನಲ್ಲಿ ಮುಚ್ಚಿ ತರುತ್ತಿದ್ದ ಪುಡಿ ಪ್ಯಾಕೆಟ್ಟುಗಳು ಅದರ ಹಿಂದೆಯೇ ಇದ್ದವು. ಅವುಗಳನ್ನೇ ಹಳೇ ಡಬ್ಬಿಗೆ ಸುರಿದು ಊರಿಗೂ ಮಗಳಿಗೂ ಮನೆಯ ಪುಡಿ ಎನ್ನುತ್ತಿದ್ದಳು.

"ಯಾವಾಗ್ಲಿಂದ ಗೊತ್ತು ನಿಮ್ಗೆ?"

"ನಿನ್ ಮಂಡಿನೋವು ಶುರುವಾದಾಗ್ಲಿಂದ. ಮಿಲ್ಲತ್ರ ಅಷ್ಟೊತ್ತು ಎಂಗೆ ನಿಂತೀಯ."

"ಬಾಯಿ ಬಿಟ್ಟು ಏಳ್ಬಾರ್ದಾಗಿತ್ತಾ?"

"ಊಂ ಅಂದ್ನಲ್ಲ ದಿನಾ."

ಅಷ್ಟು ಹೇಳಿ, ಅಭ್ಯಾಸಬಲದಿಂದ ಮುನಿಆಂಜಿನಪ್ಪ ಅಳಿಯನಿಗೆ ರುಚಿ ವರದಿ ಒಪ್ಪಿಸಲು ಫೋನಿಗೆ ಕೈ ಹಾಕಿದ. ಮಂಡಿನೋವಿನ ಗೋಪಾಲಮ್ಮ ಎರಡೇ ಹೆಜ್ಜೆಗೆ ಹಾರಿ ಬಂದು ಫೋನನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊಕ್ಕರೆ ಲೋಟವನ್ನೂ ಕಿತ್ತುಕೊಂಡು ಅಟ್ಟದ ಮೇಲೆ ಹಾಕಿದಳು. ಇನ್ನು ಮೇಲೆ ಈ ಮನೆಯಲ್ಲಿ ಸಾರಿನ ಬಗ್ಗೆ ಯಾರೂ ವಿವರ ಕೊಡಬೇಕಾಗಿಲ್ಲ ಎಂದು ಅಪ್ಪಣೆಯಾಯಿತು.

ತಟ್ಟೆಯಲ್ಲಿ ಮುದ್ದೆ ಇಟ್ಟು ಸಾರು ಬಿಟ್ಟಳು. ಅವನು ಮುರಿದು, ಅದ್ದಿ, ನುಂಗಿ ಹೇಳಿದ.

"ಊಂ."

ಗೋಪಾಲಮ್ಮ ಈ ಸಲ ಆ ಊಂ ಅನ್ನು ಕಿವಿಯಲ್ಲಿಟ್ಟು ಮೆಲ್ಲಗೆ ತಿರುಗಿಸಿ ನೋಡಿದಳು. ಮೊದಲು ಹತ್ತಿದ್ದು ಹಸಿವು. ನಡುವೆ ಎಲ್ಲೋ ಅವಳ ಮಂಡಿಯೂ ಹತ್ತಿ ಕೂತಿತ್ತು, ಕಂಡಕ್ಟರೇ ಸೀಟು ಬಿಡಿಸಿಕೊಟ್ಟಿದ್ದ. ಆದರೆ ಕೊನೇ ಸ್ಟಾಪ್ ದಾಟಿದರೂ ಇಳಿಯದೆ, ಅವಳ ಮುಖವನ್ನೇ ನೋಡುತ್ತ ಕೂತಿದ್ದದ್ದು ಅಂಜನಮ್ಮನ ಅಂಗಡಿ ಪುಡಿ.