ಹೂಜಿ ಗಿಡಕ್ಕೆ ಬಂದ ಹುಳಶೋಧಕ

ಭಾವ ಊಟದ ಮೇಜಿನ ಮೇಲಿದ್ದ ಯಂತ್ರದ ಬಟ್ಟೆ ಸರಿಸಿದರು. ಹಳೇ ಕುಕ್ಕರಿಗೆ ನಾಲ್ಕು ಚಕ್ರ, ಸೂಕ್ಷ್ಮದರ್ಶಕದ ಒಂದು ಕಣ್ಣು, ಎರಡು ಕೈ. ಚಿಕ್ಕ ಕೈ ಹುಳ ಎತ್ತುವುದಕ್ಕೆ, ದೊಡ್ಡದು ಕುಂಡ ಸರಿಸುವುದಕ್ಕೆ. ದೊಡ್ಡ ಕೈ ನನ್ನ ಅಡುಗೆಮನೆಯಿಂದ ಕಾಣೆಯಾಗಿದ್ದ ಇಕ್ಕಳ.

"ಹುಳಶೋಧಕ," ಎಂದರು. "ಮಣ್ಣಲ್ಲಿರೋದು ಯಾವ ಹುಳ ಅಂತ ಹೇಳುತ್ತೆ, ಎತ್ತಿ ಆಚೆ ಬಿಡುತ್ತೆ. ಕೊಲ್ಲೋದಿಲ್ಲ."

ಭಾವ ಅಂದರೆ ನಮ್ಮಕ್ಕ ನೀಲಾಂಬಿಕೆಯ ಗಂಡ ವೃಷಭೇಂದ್ರಪ್ಪನವರು. ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ತುಮಕೂರಿನಲ್ಲಿ ಅವರ ಪಕ್ಕದ ಮನೆ ನನ್ನದು. ಮೂವತ್ತು ವರ್ಷ ಸಸಿ ಮಾರಿದವಳು ನಾನು.

ಅಕ್ಕ ನಾಲ್ಕು ವರ್ಷದಿಂದ ಒಂದು ಹೂಜಿ ಗಿಡ ಸಾಕಿದ್ದಳು. ಎಲೆಯ ತುದಿಯಲ್ಲಿ ಪುಟ್ಟ ಹೂಜಿ ನೇತಾಡುತ್ತದೆ. ಒಳಗೆ ಜಾರಿ ಬಿದ್ದ ಹುಳವೇ ಗಿಡಕ್ಕೆ ಊಟ. ಭಾನುವಾರ ಅದು ಫಲಪುಷ್ಪ ಪ್ರದರ್ಶನಕ್ಕೆ ಹೋಗಬೇಕಿತ್ತು. ಹೋದ ವರ್ಷ ಅಕ್ಕನ ಕ್ರೋಟನ್ ಕುಂಡದಲ್ಲಿ ಹುಳ ಕಂಡಿತೆಂದು ಬಾಗಿಲಲ್ಲೇ, ಎಲ್ಲರೆದುರು, ವಾಪಸ್ಸು ಕಳಿಸಿದ್ದರು. ಆ ಅವಮಾನ ಅವಳಿಗೆ ಇನ್ನೂ ಆರಿರಲಿಲ್ಲ. ಈಗ ಹೂಜಿ ಗಿಡಕ್ಕೆ ನೀರು ಹಾಕಿದರೆ ಸಾಕು, ಬಿಳಿ ಚುಕ್ಕೆಗಳು ಪುಟಪುಟ ನೆಗೆಯುತ್ತಿದ್ದವು.

ನಾನು ನೋಡಿ ಹೇಳಿದ್ದೆ. ನೆಗೆಯುವವು ಕೊಳೆತದ್ದು, ಬೂಷ್ಟು ತಿಂದು ಬದುಕುವ ಬಡಪಾಯಿಗಳು, ಬೇರಿಗೆ ಬಾಯಿ ಹಾಕುವುದಿಲ್ಲ. ಕರಿತಲೆಯ ಸಣ್ಣ ಮರಿಹುಳ ಇದ್ದರೆ ಮಾತ್ರ ಯೋಚನೆ. ಮಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟರೆ ಅವು ಅದರಡಿಗೆ ಬಂದು ಸೇರುತ್ತವೆ. ಇಟ್ಟು ನೋಡಿದೆವು, ಒಂದೂ ಬರಲಿಲ್ಲ. ಆದರೆ ಪ್ರದರ್ಶನದವರಿಗೆ ಹುಳ ಅಂದರೆ ಹುಳ. ಗಿಡ ಕಿತ್ತು, ಬೇರು ತೊಳೆದು, ಮಣ್ಣಿನ ಬದಲು ಹೊಸ ಪಾಚಿಯಲ್ಲಿ ನೆಟ್ಟು, ಹಳೇ ಮಣ್ಣನ್ನು ಬಕೆಟ್ಟಿನಲ್ಲಿ ಮುಳುಗಿಸೋಣ ಎಂದೆ. ಅಕ್ಕ ಕಿವಿ ಮುಚ್ಚಿಕೊಂಡಳು. ದಿನಾ ಬೆಳಿಗ್ಗೆ ಇರುವೆಗೆ ರವೆ ಹಾಕುವವಳು ಅವಳು. ಯಂತ್ರಕ್ಕೂ ಅವಳದೊಂದು ಷರತ್ತು: ಈ ಮನೆಯಿಂದ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಕೂಡದು. ಭಾವ ಅದನ್ನು ಹಾಗೇ ಯಂತ್ರಕ್ಕೆ ಕಲಿಸಿದ್ದರು.

ಯಂತ್ರ ಕುಂಡಕ್ಕೆ ಕಣ್ಣಿಟ್ಟಿತು. "ಬಿಳಿ ಹುಳ. ನೂರಾ ಹನ್ನೆರಡು. ಊಟ ಆಗಿಲ್ಲ."

ರವೆ ಉದುರಿಸಿ, ಕೈಕಟ್ಟಿ ನಿಂತಿತು. ಮಾರನೇ ದಿನ ರವೆಗೆ ಬೂಷ್ಟು ಬಂತು. ಹುಳಗಳಿಗೆ ಬೇಕಾಗಿದ್ದೂ ಅದೇ. ಅವು ತಿಂದವು, ಮರಿ ಹಾಕಿದವು, ಮರಿಗಳೂ ತಿಂದವು. ಯಾವಾಗ ಆಚೆ ಬಿಡುತ್ತೀಯ ಎಂದು ಭಾವ ಕೇಳಿದಾಗಲೆಲ್ಲ ಯಂತ್ರ, ಪಂಕ್ತಿ ಇನ್ನೂ ಎದ್ದಿಲ್ಲ ಎಂದು ಮತ್ತಷ್ಟು ಬಡಿಸುತ್ತಿತ್ತು. ಶುಕ್ರವಾರದ ಹೊತ್ತಿಗೆ ಲೆಕ್ಕ ನಾಲ್ಕು ಸಾವಿರ ದಾಟಿ, ಕುಂಡ ಮೊಸರು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅಕ್ಕ ಅಳುವುದೊಂದು ಬಾಕಿ.

ನಾನು ಬಕೆಟ್ ತಂದೆ. ಭಾವ ಗಾಬರಿಯಾಗಿ ಯಂತ್ರದ ಗುಂಡಿ ಒತ್ತಿ, ಹುಳಕ್ಕೆ ಕಂಟಕವಾದವರನ್ನೆಲ್ಲ ದೂರ ಇಡು ಎಂದು ಅಪ್ಪಣೆ ಕೊಟ್ಟರು.

"ನನ್ನ ಮೇಲಾ ಭಾವ ಇದು?"

"ನಿನ್ನ ಮೇಲಲ್ಲಮ್ಮ. ನಿನ್ನ ಬಕೆಟ್ ಮೇಲೆ."

ಯಂತ್ರ ಬಕೆಟ್ಟನ್ನು ಅಂಗಳಕ್ಕೆ ತಳ್ಳಿ ಬಂತು. ಆಮೇಲೆ ಹೂಜಿಯೊಳಗೆ ಇಣುಕಿತು. ಅಲ್ಲಿ ಅರ್ಧ ಕರಗಿದ ಇರುವೆಗಳಿದ್ದವು.

"ಹುಳ ತಿನ್ನುವ ಪ್ರಾಣಿ. ಒಂದು. ಊಟ ಆಗಿದೆ," ಎಂದು, ಇಕ್ಕಳದಿಂದ ಗಿಡವನ್ನು ಬೇರುಸಮೇತ ಎತ್ತಿ, ಮಣ್ಣು ಒದರಿ, ಮೆಟ್ಟಿಲ ಮೇಲೆ ಮಲಗಿಸಿತು.

ಇರುವೆಯನ್ನೂ ತುಳಿಯದ ನಮ್ಮಕ್ಕ ಕೂಗಿದಳು: "ರೀ, ಆ ಕುಕ್ಕರನ್ನ ಮುಳುಗಿಸ್ರೀ!"

ಭಾವ ಯಂತ್ರವನ್ನು ಅವಚಿಕೊಂಡು ಕೋಣೆಗೆ ಓಡಿದರು. ನಾನು ಗಿಡ ನೋಡಿದೆ. ಬೇರು ಗಟ್ಟಿಯಾಗಿತ್ತು. ನಾನು ಹೇಳಿದ ಕೆಲಸದಲ್ಲಿ ಅರ್ಧವನ್ನು ಯಂತ್ರವೇ ಮಾಡಿಕೊಟ್ಟಿತ್ತು. ಹಿಡಿದಿಟ್ಟ ಮಳೆನೀರಲ್ಲಿ ಬೇರು ತೊಳೆದು, ಬೇರೆ ಕುಂಡಕ್ಕೆ ಹೊಸ ಪಾಚಿ ತುಂಬಿ ನೆಟ್ಟೆ.

ಭಾನುವಾರ ಬಾಗಿಲಲ್ಲಿದ್ದಾತ ಕುಂಡ ಬಗ್ಗಿಸಿ, ಭೂತಗನ್ನಡಿ ಹಿಡಿದು ನೋಡಿ, ಒಳಗೆ ಹೋಗಿ ಅಮ್ಮ ಎಂದ. ಅಕ್ಕ ಗಿಡದ ಪಕ್ಕದಲ್ಲಿ ಮದುವಣಗಿತ್ತಿಯ ತಾಯಿಯ ಹಾಗೆ ಸಂಜೆಯವರೆಗೂ ನಿಂತಳು. ಮೂರನೇ ಬಹುಮಾನ ಬಂತು.

ಮನೆಗೆ ಬಂದರೆ ಕಾಂಪೌಂಡ್ ಗೋಡೆಯ ಮೇಲೆ ಇಪ್ಪತ್ಮೂರು ಹಲ್ಲಿಗಳು ಸಾಲಾಗಿ ಕೂತಿದ್ದವು. ಭಾವ ಆ ಅಪ್ಪಣೆಯನ್ನು ಅಳಿಸುವುದನ್ನು ಮರೆತಿದ್ದರು. ಯಂತ್ರ ಹುಳ ತಿನ್ನುವವರನ್ನೆಲ್ಲ ಮನೆಯೊಳಗಿನ ಗೋಡೆಯಿಂದ ಬಿಡಿಸಿ ಆಚೆ ಇಟ್ಟಿತ್ತು. ಒಳಗೆ ಸೊಳ್ಳೆ ಗುಂಯ್ ಎನ್ನುತ್ತಿತ್ತು. ಭಾವ ಸೊಳ್ಳೆ ಪರದೆಯೊಳಗೆ ಮುದುಡಿ ಕೂತಿದ್ದರು. ಹೊರಗೆ ನಿಂತ ಯಂತ್ರ, "ಸೊಳ್ಳೆ. ಮುನ್ನೂರು. ಊಟ ಆಗಿಲ್ಲ," ಎನ್ನುತ್ತ ಇಕ್ಕಳದಿಂದ ಪರದೆಯ ಅಂಚನ್ನು ಮೆಲ್ಲಗೆ ಎತ್ತುತ್ತಿತ್ತು.

ನಾನು ಬ್ಯಾಟರಿ ಕಿತ್ತು ಕಿಟಕಿ ತೆರೆದೆ. ಹಲ್ಲಿಗಳು ತಾವಾಗಿಯೇ ಒಳಗೆ ಬಂದು ಕೆಲಸ ಶುರು ಮಾಡಿದವು. ಅವಕ್ಕೆ ಭಾವ ಏನೂ ಕಲಿಸಿರಲಿಲ್ಲ.